ಸೋಮವಾರದ ಹೊಟ್ಟೆನೋವಿಗೆ ಟಾನಿಕ್ ಮದ್ದಲ್ಲ

ಸೋಮವಾರ ಬೆಳಿಗ್ಗೆ ನಾನು ಕ್ಲಿನಿಕ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಆ ತಂದೆ-ಮಗ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ತಂದೆ ಶಿಡ್ಲಘಟ್ಟದ ಒಬ್ಬ ರೀಲರ್. ಗೂಡಿನ ಮಾರುಕಟ್ಟೆಗೆ ಹೊತ್ತಾಗುತ್ತದೆಂಬ ಆತುರ ಅವರ ಮುಖದಲ್ಲಿ ಕಾಣುತ್ತಿತ್ತು. ಮಗ ನಾಲ್ಕನೇ ತರಗತಿ. ಸಮವಸ್ತ್ರ, ಟೈ, ಬೂಟು ಎಲ್ಲ ಹಾಕಿಕೊಂಡು, ಹೊಟ್ಟೆ ಹಿಡಿದುಕೊಂಡು ಬಗ್ಗಿ ಕುಳಿತಿರುತ್ತಿದ್ದ. "ಇಸ್ಕೂಲಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಬರ್ತದೆ ಡಾಕ್ಟ್ರೇ, ವಾಂತೀನೂ ಮಾಡ್ಕೊಂಡ" ಎನ್ನುತ್ತಿದ್ದರು ತಂದೆ.

ಮೊದಲ ಸಲ ಜಂತುಹುಳುವಿನ ಮಾತ್ರೆ ಕೊಟ್ಟೆ. ಎರಡನೆಯ ಸಲ ಆಮ್ಲ ಕಡಿಮೆ ಮಾಡುವ ಔಷಧಿ ಕೊಟ್ಟೆ. ಮೂರನೆಯ ಸಲ ಮಲ, ಮೂತ್ರ, ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆ. ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ಸಲ ಬಿ-ಕಾಂಪ್ಲೆಕ್ಸ್ ಟಾನಿಕ್ ಬರೆದೆ. ಅವರು ಹೊರಟ ಮೇಲೆ ಚೀಟಿಗಳ ಮೇಲಿನ ತಾರೀಖುಗಳನ್ನು ನೋಡಿದೆ. ನಾಲ್ಕು ಸಲವೂ ಸೋಮವಾರ. ದಸರಾ ರಜೆಯ ದಿನಗಳಲ್ಲಿ ಅವರು ಒಮ್ಮೆಯೂ ಬಂದಿರಲಿಲ್ಲ.

ಆ ಹುಡುಗನ ಹೊಟ್ಟೆಯನ್ನು ನಾಲ್ಕು ಬಾರಿ ಮುಟ್ಟಿ ನೋಡಿದ್ದ ನಾನು, "ಶಾಲೆಯಲ್ಲಿ ಹೇಗಿದ್ದೀಯಪ್ಪ?" ಎಂದು ಒಂದು ಬಾರಿಯೂ ಕೇಳಿರಲಿಲ್ಲ. ತಪ್ಪು ನನ್ನದು. ಇಂಥ ತಪ್ಪು ನನ್ನೊಬ್ಬನದೇ ಅಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ರೋಗಿಗಳನ್ನು ನೋಡುವ ನಮ್ಮಂಥ ವೈದ್ಯರಿಗೆ ಒಬ್ಬೊಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ. ಎಂ.ಬಿ.ಬಿ.ಎಸ್. ಓದುವಾಗ ಮನೋವೈದ್ಯಕೀಯ ವಿಭಾಗದಲ್ಲಿ ನಾವು ಕಳೆದದ್ದು ಕೆಲವೇ ವಾರ. ಆದರೆ ಮಗುವಿನ ಮನಸ್ಸಿನ ತೊಂದರೆ ನಾಲ್ಕೈದು ನಿಮಿಷದಲ್ಲಿ ಬಾಯಿ ಬಿಡುವಂಥದಲ್ಲ. ಅದಕ್ಕೆ ಒಂದು ಗಂಟೆ ಬೇಕು, ಆ ಗಂಟೆಯನ್ನು ಹೇಗೆ ಬಳಸಬೇಕೆಂದು ಕಲಿತವರು ಬೇಕು. ಅಂಥವರೇ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಃಶಾಸ್ತ್ರಜ್ಞರು. ಅವರು ಬೆಂಗಳೂರಿನಲ್ಲಿ ಮಾತ್ರವಲ್ಲ, ನಮ್ಮ ತಾಲೂಕು ಆಸ್ಪತ್ರೆಗಳಲ್ಲೂ ಸಿಗಬೇಕು ಎಂಬುದೇ ಈ ವಾರ ನಾನು ಹೇಳಬೇಕೆಂದಿರುವ ಮಾತು.

ಇವರು ಯಾರು?

ಅನೇಕರಿಗೆ ಇಲ್ಲೇ ಗೊಂದಲ. ಮನೋವೈದ್ಯರು ನಮ್ಮಂತೆಯೇ ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನಸ್ಸಿನ ಕಾಯಿಲೆಗಳ ಬಗ್ಗೆ ವಿಶೇಷ ವ್ಯಾಸಂಗ ಮಾಡಿದವರು. ಅವರು ಔಷಧಿ ಬರೆಯುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರು ಔಷಧಿ ಬರೆಯುವುದಿಲ್ಲ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೇಲೆ ಎರಡು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಎಂ.ಫಿಲ್. ತರಬೇತಿ ಪಡೆಯುವುದು ಬಹುಕಾಲದಿಂದ ನಡೆದುಬಂದ ದಾರಿ. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಈ ವೃತ್ತಿಯನ್ನು ಹೆಸರಿಸಿ ಗುರುತಿಸಿದೆ. ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ 'ಕೌನ್ಸೆಲಿಂಗ್ ಸೆಂಟರ್' ಎಂದು ಬೋರ್ಡು ಹಾಕಿದವರೆಲ್ಲ ಮನಃಶಾಸ್ತ್ರಜ್ಞರಾಗುವುದಿಲ್ಲ. ನೋಂದಣಿ ಸಂಖ್ಯೆ ಕೇಳಲು ಪೋಷಕರು ಸಂಕೋಚಪಡಬೇಕಾಗಿಲ್ಲ.

ಈ ವೃತ್ತಿ ಆರಂಭವಾದದ್ದೇ ಶಾಲಾ ಮಗುವಿನಿಂದ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬವರು ಮೊದಲ ಮನಃಶಾಸ್ತ್ರ ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಗೆ ಮೊದಲು ಬಂದವನು ಪದಗಳ ಸ್ಪೆಲ್ಲಿಂಗ್ ಬಾರದ ಒಬ್ಬ ಹುಡುಗ. ಕರೆತಂದವರು ಅವನ ಶಿಕ್ಷಕಿ. ಪರೀಕ್ಷಿಸಿದಾಗ ಅವನಿಗೆ ಕಣ್ಣಿನ ದೋಷವೂ ಇರುವುದು ತಿಳಿಯಿತು. 'ದಡ್ಡ' ಎಂದು ಹೇಳಿ ಮುಗಿಸಿಬಿಡುವ ಮೊದಲು ಕಾರಣ ಹುಡುಕು ಎಂಬ ಪಾಠ ಆ ಮೊದಲ ಮಗುವಿನಲ್ಲೇ ಇತ್ತು.

ಒಂದು ಗಂಟೆಯಲ್ಲಿ ನಡೆಯುವುದೇನು?

ಕೊನೆಗೂ ನಾನು ಆ ರೀಲರ್‌ಗೆ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಲು ಹೇಳಿದೆ. ಅವರಿಗೆ ಬೇಸರವಾಯಿತು. "ನನ್ನ ಮಗನಿಗೆ ತಲೆ ಕೆಟ್ಟಿದೆ ಅಂತೀರಾ ಸಾರ್?" ಎಂದರು. ತಲೆ ಕೆಟ್ಟಿಲ್ಲ, ಶಾಲೆಯ ಭಯಕ್ಕೆ ಕಾರಣ ತಿಳಿಯಬೇಕಾಗಿದೆ ಎಂದು ಬಿಡಿಸಿ ಹೇಳಿದ ಮೇಲೆ, ಎರಡು ದಿನದ ವ್ಯಾಪಾರ ಬಿಟ್ಟು ಹೋಗಿಬಂದರು.

ಅಲ್ಲಿ ಮೊದಲು ತಾಯಿಯನ್ನು ಕೂರಿಸಿಕೊಂಡು ಬಸಿರು-ಹೆರಿಗೆಯಿಂದ ಹಿಡಿದು ಎಲ್ಲವನ್ನೂ ಕೇಳಿದರಂತೆ. ಯಾವಾಗ ಕತ್ತು ನಿಂತಿತು, ಯಾವಾಗ ಮೊದಲ ಮಾತು ಬಂತು, ಜ್ವರದಲ್ಲಿ ಫಿಟ್ಸ್ ಬಂದಿತ್ತೇ, ಯಾರ ಜೊತೆ ಮಲಗುತ್ತಾನೆ, ಯಾರನ್ನು ಕಂಡರೆ ಹೆದರುತ್ತಾನೆ ಎಂದು. ಆಮೇಲೆ ಹುಡುಗನೊಬ್ಬನನ್ನೇ ಕರೆದು ಕ್ರೇಯಾನ್, ಕಾಗದ ಕೊಟ್ಟರು. ಶಾಲೆಯ ಚಿತ್ರ ಬರೆ ಎಂದಾಗ ಅವನು ಬಾಗಿಲಿಲ್ಲದ ಕಟ್ಟಡ ಬರೆದನಂತೆ. ಅಷ್ಟರಿಂದಲೇ ಅವರು ತೀರ್ಮಾನಕ್ಕೆ ಬರಲಿಲ್ಲ. ಬುದ್ಧಿಶಕ್ತಿಯ ಪರೀಕ್ಷೆ ಮಾಡಿದರು. ಓದು, ಬರಹ, ಲೆಕ್ಕಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರು. ಕಿವಿ, ಕಣ್ಣು ಸರಿಯಿದೆಯೇ ಎಂದೂ ನೋಡಿಸಿದರು.

ಫಲಿತಾಂಶ ನನಗೂ ಕಣ್ತೆರೆಸಿತು. ಹುಡುಗನ ಬುದ್ಧಿಶಕ್ತಿ ಅವನ ವಯಸ್ಸಿನ ಇತರ ಮಕ್ಕಳಂತೆಯೇ ಇತ್ತು. ಗೂಡಿನ ತೂಕ, ದರ, ಲಾಭ-ನಷ್ಟವನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ. ಆದರೆ ಅಕ್ಷರಗಳನ್ನು ಕೂಡಿಸಿ ಓದಲು ಅವನಿಗೆ ಆಗುತ್ತಿರಲಿಲ್ಲ. ಇದಕ್ಕೆ ಕಲಿಕಾ ನ್ಯೂನತೆ ಎಂದು ಹೆಸರು. ವಾರದ ಮೊದಲ ಪಿರಿಯಡ್ಡಿನಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಇಂಗ್ಲಿಷ್ ಪಾಠ ಓದಬೇಕಾಗಿತ್ತು. ಅವನ ಹೊಟ್ಟೆನೋವು ನಾಟಕವಾಗಿರಲಿಲ್ಲ. ಮೆದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕವಿದೆ. ಭಯವಾದಾಗ ಕರುಳು ನಿಜವಾಗಿಯೇ ಹಿಂಡುತ್ತದೆ, ನಿಜವಾಗಿಯೇ ವಾಂತಿಯಾಗುತ್ತದೆ. ನೋವು ನಿಜ, ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ.

ಬೆಕ್ಕು, ಪಿಲ್ಲಿ, ಬಿಲ್ಲಿ, ಕ್ಯಾಟ್

ನಮ್ಮ ಸೀಮೆಯಲ್ಲಿ ಈ ಕೆಲಸ ಇನ್ನೂ ಒಂದು ಕಾರಣಕ್ಕೆ ಸೂಕ್ಷ್ಮವಾದದ್ದು. ಇಲ್ಲಿ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿಗಳ ಅನೇಕ ಮನೆಗಳಲ್ಲಿ ಉರ್ದು. ಅಂಗಡಿ ಬೀದಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಕನ್ನಡ. ಸಾಲ ಮಾಡಿ ಸೇರಿಸುವ ಕಾನ್ವೆಂಟಿನಲ್ಲಿ ಇಂಗ್ಲಿಷ್. ಬೆಕ್ಕಿನ ಚಿತ್ರ ತೋರಿಸಿ ಇದೇನು ಎಂದರೆ ಒಂದು ಮಗು 'ಪಿಲ್ಲಿ' ಎನ್ನುತ್ತದೆ, ಇನ್ನೊಂದು 'ಬಿಲ್ಲಿ' ಎನ್ನುತ್ತದೆ, ಮತ್ತೊಂದು 'ಬೆಕ್ಕು' ಎನ್ನುತ್ತದೆ. ಮೂರೂ ಸರಿ. 'ಕ್ಯಾಟ್' ಎನ್ನಲಿಲ್ಲವೆಂದು ಮೂರನ್ನೂ ಮಂದಬುದ್ಧಿ ಎಂದು ಬರೆದುಬಿಡಬಹುದಾದ ಅಪಾಯ ಮಾತ್ರ ದೊಡ್ಡದು.

ಮಗುವಿಗೆ ಬರದಿರುವುದು ಭಾಷೆಯೋ, ಓದೋ, ಕೇಳಿಸುವುದೋ, ಅಥವಾ ನಿಜವಾಗಿಯೇ ಬುದ್ಧಿಯ ಬೆಳವಣಿಗೆ ಕುಂಠಿತವೋ ಎಂದು ಬೇರ್ಪಡಿಸಬಲ್ಲವರು ತರಬೇತಿ ಪಡೆದವರು ಮಾತ್ರ. ಅದಕ್ಕೆ ಮಗುವಿನ ಭಾಷೆಯಲ್ಲೇ ಪರೀಕ್ಷೆ ಆಗಬೇಕು. ಪ್ಯಾರಿಸ್ಸಿನಲ್ಲಿ 1905ರಲ್ಲಿ ಬಿನೆ ಮತ್ತು ಸೈಮನ್ ರೂಪಿಸಿದ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾಡಿದರು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಆ ಹೆಸರು ಮಕ್ಕಳ ವರದಿಗಳಲ್ಲಿ ನಾನು ಕಂಡಿದ್ದೇನೆ. ಪರೀಕ್ಷೆ ಕನ್ನಡದಲ್ಲಿದ್ದರೂ, ಮನೆಯಲ್ಲಿ ತೆಲುಗು ಆಡುವ ಮಗುವಿನ ಮುಂದೆ ಕುಳಿತವರಿಗೆ 'ಪಿಲ್ಲಿ' ಎಂದರೇನೆಂದು ಗೊತ್ತಿರಬೇಕು. ಅದಕ್ಕಾಗಿಯೇ ಈ ತಜ್ಞರು ನಮ್ಮ ತಾಲೂಕುಗಳಲ್ಲಿ ಕೆಲಸ ಮಾಡಬೇಕು, ನಮ್ಮ ಮಕ್ಕಳ ಮಾತು ಕೇಳಿ ಅಭ್ಯಾಸವಿರಬೇಕು ಎನ್ನುವುದು.

ಬಾಯಿ ಹೇಳಲಾರದ್ದನ್ನು ದೇಹ ಹೇಳುತ್ತದೆ

ಇನ್ನೊಂದು ಪ್ರಸಂಗ. ಗೌರಿಬಿದನೂರು ಕಡೆಯ ಹದಿನೇಳು ವರ್ಷದ ಹುಡುಗಿ, ಪಿ.ಯು.ಸಿ. ಎರಡನೇ ವರ್ಷ. ದಿನಕ್ಕೆ ಮೂರು ನಾಲ್ಕು ಬಾರಿ ಬಿದ್ದು ಕೈಕಾಲು ಒದರುತ್ತಿದ್ದಳು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು, ನಿಂಬೆಹಣ್ಣು ಮಂತ್ರಿಸಿ ತಂದಿದ್ದರು, ಬೇವಿನ ಸೊಪ್ಪಿನಲ್ಲಿ ಹೊಡೆದೂ ಆಗಿತ್ತು. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ. ಅವರ ತಾಲೂಕಿನಲ್ಲೇ ಇಂದಿಗೂ ಹೀಗೆ ನಡೆಯುತ್ತದಲ್ಲ ಎಂದು ನನಗೆ ನೋವಾಯಿತು.

ಮೊದಲು ಮೂರ್ಛೆರೋಗವಿರಬಹುದೇ ಎಂದು ನರರೋಗ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಈ ಹೆಜ್ಜೆಯನ್ನು ಬಿಡಬಾರದು, ಈಗಾಗಲೇ ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಲೂಬಾರದು. ಈ ಹುಡುಗಿಗೆ ಮೂರ್ಛೆರೋಗ ಇರಲಿಲ್ಲ. ಮನಃಶಾಸ್ತ್ರಜ್ಞೆಯ ಬಳಿ ಮೂರನೆಯ ಭೇಟಿಯಲ್ಲಿ ಅವಳು ಬಾಯಿ ಬಿಟ್ಟಳು. ಪರೀಕ್ಷೆ ಮುಗಿದೊಡನೆ ಸೋದರಮಾವನಿಗೆ ಕೊಟ್ಟು ಮದುವೆ ಮಾಡುವ ಮಾತು ಮನೆಯಲ್ಲಿ ನಡೆದಿತ್ತು. ಅವಳಿಗೆ ಡಿಗ್ರಿ ಓದುವ ಆಸೆ. ಅಪ್ಪನೆದುರು ಎಂದೂ ಎದುರಾಡಿದವಳಲ್ಲ. ಬಾಯಿ ಹೇಳಲಾರದ್ದನ್ನು ದೇಹ ಹೇಳುತ್ತಿತ್ತು. ಇದು ಬೇಕೆಂದು ಮಾಡುವ ನಟನೆಯಲ್ಲ ಎಂಬುದನ್ನು ಮನೆಯವರು ತಿಳಿಯಬೇಕು.

ತಂದೆಯನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹಲವು ಬಾರಿ ಮಾತನಾಡಿದ ಮೇಲೆ ಮದುವೆಯ ಮಾತು ಮುಂದಕ್ಕೆ ಹೋಯಿತು. ಬೀಳುವುದು ಒಂದೇ ದಿನದಲ್ಲಿ ನಿಲ್ಲಲಿಲ್ಲ. ವಾರಕ್ಕೊಮ್ಮೆ ಆಯಿತು, ತಿಂಗಳಿಗೊಮ್ಮೆ ಆಯಿತು, ಆಮೇಲೆ ನಿಂತಿತು. ಈ ಚಿಕಿತ್ಸೆಯಲ್ಲಿ ಪವಾಡವಿಲ್ಲ, ತಾಳ್ಮೆಯ ಕೆಲಸವಿದೆ.

ಹದಿಹರೆಯದವರು ಹೇಳಿದ್ದನ್ನು ಈ ತಜ್ಞರು ಗುಟ್ಟಾಗಿ ಇಡುತ್ತಾರೆ. "ಏನು ಹೇಳಿದಳು?" ಎಂದು ಹೊರಗೆ ಕಾದು ಕುಳಿತು ಕೇಳುವ ತಂದೆ-ತಾಯಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ಗುಟ್ಟು ಉಳಿಯುತ್ತದೆಂಬ ನಂಬಿಕೆಯಿಲ್ಲದೆ ಮಗು ಬಾಯಿ ಬಿಡುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಅವರೇ ಮನೆಯವರಿಗೆ ತಿಳಿಸುತ್ತಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಅವರು ಪೊಲೀಸರಿಗೆ ತಿಳಿಸಲೇಬೇಕು.

ದೀಪದ ಬುಡದಲ್ಲಿ ಕತ್ತಲೆ

ಈ ವಿದ್ಯೆಗೆ ನಮ್ಮ ರಾಜ್ಯ ತವರುಮನೆ ಎಂದರೂ ತಪ್ಪಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ 'ಆಕಾಶವಾಣಿ'ಯನ್ನೂ ಆರಂಭಿಸಿದವರು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಚಿಕಿತ್ಸಾ ಮನಃಶಾಸ್ತ್ರದ ತರಬೇತಿಗೆ ದೇಶದಲ್ಲೇ ಮೊದಲ ಹೆಜ್ಜೆ ಅಲ್ಲಿ ಬಿತ್ತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ನಮ್ಮ ನಾಲ್ಕು ಊರುಗಳಿಂದ ಬೆಂಗಳೂರು ಸುಮಾರು 60ರಿಂದ 80 ಕಿಲೋಮೀಟರ್. ಹೇಳಲು ಹತ್ತಿರ. ಆದರೆ ಮಗುವಿಗೆ ವಾರಕ್ಕೊಮ್ಮೆಯಂತೆ ಎಂಟು ಹತ್ತು ಭೇಟಿ ಬೇಕಾದಾಗ, ಕೂಲಿಗೆ ಹೋಗುವ ತಾಯಿಗೆ ಪ್ರತಿ ಭೇಟಿಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು, ಹೊರಗಿನ ಊಟದ ಖರ್ಚು ಬೇರೆ. ಮೊದಲ ಭೇಟಿಗೆ ಹೋದವರು ಮೂರನೆಯದಕ್ಕೆ ಹೋಗುವುದಿಲ್ಲ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ, "ಅಲ್ಲಿಗೂ ಹೋಗಿ ಬಂದೆವು, ಏನೂ ಆಗಲಿಲ್ಲ" ಎಂಬ ಮಾತು ಮಾತ್ರ ಉಳಿಯುತ್ತದೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಈ ಲೆಕ್ಕದಲ್ಲಿ ನೂರು ಮಕ್ಕಳಿರುವ ಹೈಸ್ಕೂಲಿನಲ್ಲಿ ಏಳು ಮಂದಿ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ ಹನ್ನೆರಡೂವರೆ ಲಕ್ಷ. ಜಿಲ್ಲಾ ತಂಡದಲ್ಲಿ ಒಬ್ಬ ಚಿಕಿತ್ಸಾ ಮನಃಶಾಸ್ತ್ರಜ್ಞರಿರಬೇಕೆಂಬುದು ಕಾರ್ಯಕ್ರಮದ ನಿಯಮ. ಆ ಹುದ್ದೆಯನ್ನು ಎಂದೂ ಖಾಲಿ ಬಿಡದೆ ತುಂಬಿದರೂ, ಇಷ್ಟು ಜನಕ್ಕೆ ಒಬ್ಬರು ಎಲ್ಲಿಗೆ ಸಾಕು? 2014ರಲ್ಲಿ ರಾಜ್ಯದಲ್ಲಿ ಆರಂಭವಾದ 'ಮನೋಚೈತನ್ಯ' ಕಾರ್ಯಕ್ರಮವು ಮಂಗಳವಾರದಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ತರುವ ಒಳ್ಳೆಯ ದಾರಿ ತೋರಿಸಿತು. ಅದೇ ಮಾದರಿಯಲ್ಲಿ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಮಕ್ಕಳಿಗಾಗಿಯೇ, ಚಿಕಿತ್ಸಾ ಮನಃಶಾಸ್ತ್ರಜ್ಞರೊಬ್ಬರು ಕೂರಬೇಕು. ಆ ದಿನ ಯಾವುದೆಂದು ಪ್ರತಿ ಶಾಲೆಯ, ಪಿ.ಯು. ಕಾಲೇಜಿನ ಗೋಡೆಯ ಮೇಲೆ ಬರೆದಿರಬೇಕು. ನಾನು ಕೇಳುತ್ತಿರುವುದು ಇಷ್ಟೇ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಎರಡು ಬಿಗಿದರೆ ಸರಿಹೋಗುತ್ತಿತ್ತು" ಎನ್ನುವ ಹಿರಿಯರಿದ್ದಾರೆ. ಅವರ ಕಾಲದಲ್ಲೂ ಈ ಮಕ್ಕಳಿದ್ದರು. ಮೂರನೇ ತರಗತಿಗೇ ಶಾಲೆ ಬಿಟ್ಟು ಹೊಲಕ್ಕೋ ನೂಲು ತೆಗೆಯುವ ಬೇಸಿನ್ನಿಗೋ ಹೋಗಿಬಿಡುತ್ತಿದ್ದರು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ರೇಷ್ಮೆ ಬೆಳೆಗಾರರಿಗೆ ನಾನು ಬೇರೆ ಹೇಳಬೇಕೆ? ಹುಳು ಸೊಪ್ಪು ತಿನ್ನದೆ ತಲೆಯೆತ್ತಿ ನಿಂತರೆ ನೀವು ಬೈಯುವುದಿಲ್ಲ, ಜ್ವರಕ್ಕೆ ಕೂತಿದೆ ಎಂದು ತಿಳಿದು ಸೊಪ್ಪು ಹಾಕುವುದನ್ನು ನಿಲ್ಲಿಸಿ ಕಾಯುತ್ತೀರಿ. ಕಾಯುವಷ್ಟು ಕಾದರೂ ಏಳದಿದ್ದರೆ ಬಲ್ಲವರನ್ನು ಕರೆಸುತ್ತೀರಿ. ಹುಳುವಿಗೆ ತೋರಿಸುವ ಈ ವಿವೇಕವನ್ನು ಮಗುವಿಗೂ ತೋರಿಸಿ.

ಮನೆಯವರು ಏನು ಮಾಡಬಹುದು?

ಶಾಲೆಯ ದಿನ ಬಂದು ರಜೆಯಲ್ಲಿ ಮಾಯವಾಗುವ ಹೊಟ್ಟೆನೋವು, ತಲೆನೋವು. ಒಂದು ವರ್ಷದಲ್ಲಿ ದಿಢೀರನೆ ಕುಸಿದ ಅಂಕಗಳು. ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು. ಎರಡು ವರ್ಷವಾದರೂ ಮಾತು ಬಾರದಿರುವುದು, ಕರೆದರೆ ತಿರುಗಿ ನೋಡದಿರುವುದು. ಸ್ನೇಹಿತರನ್ನು ಬಿಟ್ಟು ಕೋಣೆ ಸೇರಿಕೊಳ್ಳುವುದು. ನಿದ್ದೆ, ಊಟ ಕೆಡುವುದು. ಇವುಗಳಲ್ಲಿ ಯಾವುದು ಕಂಡರೂ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ. ದೇಹದ ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ಮನಃಶಾಸ್ತ್ರಜ್ಞರ ಬಗ್ಗೆ ನೀವೇ ಕೇಳಿ. ಟಾನಿಕ್ ಬರೆಯಿರಿ ಎಂದು ಒತ್ತಾಯಿಸಬೇಡಿ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ವೈದ್ಯರಿಗೂ ನಿಮ್ಮ ಅನುಮಾನ ತಿಳಿಸಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಆಟಿಸಂ ಅನ್ನೂ ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ.ಯಂಥ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು ಮೊದಲಾದ ರಿಯಾಯಿತಿಗಳಿಗೆ ಅರ್ಜಿ ಹಾಕಬಹುದು. ಹತ್ತನೇ ತರಗತಿಯ ಕೊನೆಯ ತಿಂಗಳವರೆಗೆ ಕಾಯದೆ ಮೊದಲೇ ವಿಚಾರಿಸಿ.

ಕೊನೆಯದಾಗಿ, ಫಲಿತಾಂಶದ ದಿನಗಳ ಬಗ್ಗೆ. ಅಂಕ ಕಡಿಮೆ ಬಂದ ಸಂಜೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ. ಟೊಮೇಟೊ, ದ್ರಾಕ್ಷಿಗೆ ಹೊಡೆಯುವ ಔಷಧಿಯನ್ನು ಎಂದಿಗೂ ಮನೆಯೊಳಗೆ ಕೈಗೆ ಸಿಗುವಂತೆ ಇಡದೆ ಬೀಗ ಹಾಕಿಡಿ. "ಬದುಕಿರುವುದೇ ಬೇಡ" ಎಂದು ಮಗು ಹೇಳಿದರೆ ಹೆದರಿಸುವುದಕ್ಕೆ ಹೇಳುತ್ತಿದೆ ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮಗುವಿನ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ-ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಈಗಲೇ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಆ ರೀಲರ್ ಮಗ ಈಗ ಏಳನೇ ತರಗತಿ. ಓದು ಇಂದಿಗೂ ನಿಧಾನ. ಬೆಂಗಳೂರಿನಲ್ಲಿ ಹೇಳಿಕೊಟ್ಟಂತೆ ತಾಯಿ ದಿನವೂ ಅರ್ಧ ಗಂಟೆ ಅವನ ಪಕ್ಕ ಕುಳಿತು ಅಕ್ಷರ ಕೂಡಿಸಿ ಓದಿಸುತ್ತಾರೆ. ತರಗತಿಯ ಮುಂದೆ ನಿಲ್ಲಿಸಿ ಓದಿಸಬೇಡಿ ಎಂದು ತಂದೆ ಶಾಲೆಗೆ ಹೋಗಿ ಕೇಳಿಕೊಂಡರು, ಶಿಕ್ಷಕರು ಒಪ್ಪಿಕೊಂಡರು. ಕಳೆದ ತಿಂಗಳು ಅವನು ನನ್ನ ಕ್ಲಿನಿಕ್ಕಿಗೆ ಬಂದಿದ್ದ. ಬುಧವಾರ, ನೆಗಡಿ. ಔಷಧಿ ಬರೆದುಕೊಟ್ಟೆ. ಈ ಸಲ ಶಾಲೆಯ ವಿಷಯವನ್ನೂ ಕೇಳಿದೆ.